ಮೌನವನ್ನು ಕೊಳ್ಳುವ ಕರಾರು: ಟೆಕ್ಸಾಸ್‌ನ ‘ಟ್ರೇಸ್ ಲಾ’ ಕುರಿತು

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ 2025ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ, ‘ಟ್ರೇಸ್ ಲಾ’ ಎಂದು ಹೆಸರಾದ ಕಾಯ್ದೆಯು, ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು ತಮಗಾದುದನ್ನು ಹೇಳದಂತೆ ತಡೆಯುವ ಕರಾರಿನ ಷರತ್ತುಗಳನ್ನು ಸಾರ್ವಜನಿಕ ನೀತಿಗೆ ವಿರುದ್ಧವೆಂದು ಸಾರಿ ಅನೂರ್ಜಿತಗೊಳಿಸುತ್ತದೆ. ಇಂಥ ಷರತ್ತು ಸಾಮಾನ್ಯವಾಗಿ ಪರಿಹಾರದ ಒಪ್ಪಂದದೊಳಗೆ ಬರುತ್ತದೆ: ಸಂಸ್ಥೆಯು ಹಣ ಕೊಟ್ಟು ದಾವೆಯನ್ನು ಮುಗಿಸಿಕೊಳ್ಳುತ್ತದೆ, ಹಣ ಪಡೆದವರು ಘಟನೆಯ ಬಗ್ಗೆ ಇನ್ನೆಲ್ಲೂ ಬಾಯಿ ಬಿಡುವುದಿಲ್ಲವೆಂದು ಸಹಿ ಹಾಕುತ್ತಾರೆ, ಮಾತು ಮೀರಿದರೆ ದಂಡ ತೆರಬೇಕಾಗುತ್ತದೆ. ವ್ಯಾಪಾರದ ಗುಟ್ಟುಗಳನ್ನು ಕಾಯಲು ಬಳಕೆಯಲ್ಲಿದ್ದ ಗೋಪ್ಯತಾ ಕರಾರು ಮಗುವಿನ ಮೈಮೇಲೆ ನಡೆದ ಅಪರಾಧವನ್ನು ಕಾಯುವ ಸಾಧನವೂ ಆದದ್ದು ಹೀಗೆ.

ಕಾಯ್ದೆಗೆ ಹೆಸರಾದ ಟ್ರೇ ಎಂಬ ತರುಣನು ಬಾಲ್ಯದಲ್ಲಿ ಮಿಸೌರಿ ರಾಜ್ಯದ ಬ್ರಾನ್ಸನ್ ಬಳಿಯ ಕ್ರೈಸ್ತ ಬೇಸಿಗೆ ಶಿಬಿರವೊಂದರಲ್ಲಿ ದೌರ್ಜನ್ಯಕ್ಕೆ ಒಳಗಾಗಿದ್ದವನು. ಅಲ್ಲಿನ ನಿರ್ದೇಶಕನೊಬ್ಬನಿಗೆ 2010ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಅಪರಾಧಿ ಸೆರೆಮನೆಯಲ್ಲಿದ್ದರೂ ಟ್ರೇ ಮಾತ್ರ ಪರಿಹಾರದ ಒಪ್ಪಂದದ ಗೋಪ್ಯತೆಯ ಷರತ್ತಿಗೆ ಕಟ್ಟುಬಿದ್ದಿದ್ದನು ಎಂಬ ವೈಪರೀತ್ಯವೇ ಈ ಕಾಯ್ದೆಯ ಹುಟ್ಟಿಗೆ ಕಾರಣ. 2019ರಲ್ಲಿ ಅವನು ಆತ್ಮಹತ್ಯೆ ಮಾಡಿಕೊಂಡ ನಂತರ ಅವನ ಸೋದರಿ ನಡೆಸಿದ ಹೋರಾಟದ ಫಲವಾಗಿ 2025ರಲ್ಲಿ ಮಿಸೌರಿ ಮತ್ತು ಟೆಕ್ಸಾಸ್ ಎರಡೂ ರಾಜ್ಯಗಳು ಅವನ ಹೆಸರಿನ ಕಾನೂನು ಮಾಡಿದವು.

ಆದರೆ ಷರತ್ತು ಅನೂರ್ಜಿತವೆಂದು ಶಾಸನ ಹೇಳಿದ ಮಾತ್ರಕ್ಕೆ ಸಹಿ ಹಾಕಿದವರ ಬಾಯಿ ತೆರೆಯುವುದೇ ಎಂಬ ಪ್ರಶ್ನೆಯನ್ನು ಕೇಳದೆ ಈ ಬಗೆಯ ಕಾನೂನನ್ನು ತೂಗಲಾಗದು. ಒಲಿಂಪಿಕ್ ಜಿಮ್ನಾಸ್ಟ್ ಮೆಕೇಲಾ ಮರೋನಿ ಅವರ ಪ್ರಕರಣ ಇದಕ್ಕೆ ಸರಿಯಾದ ಒರೆಗಲ್ಲು. ತಂಡದ ವೈದ್ಯ ಲ್ಯಾರಿ ನಾಸರ್ ನಡೆಸಿದ ದೌರ್ಜನ್ಯದ ಕುರಿತು ಅವರು 2016ರಲ್ಲಿ ಅಮೆರಿಕದ ಜಿಮ್ನಾಸ್ಟಿಕ್ಸ್ ಸಂಸ್ಥೆಯೊಡನೆ ಮಾಡಿಕೊಂಡ 12.5 ಲಕ್ಷ ಡಾಲರ್ ಮೊತ್ತದ ಒಪ್ಪಂದದಲ್ಲಿ, ವಿಷಯವನ್ನು ಹೊರಗೆಡಹಿದರೆ 1 ಲಕ್ಷ ಡಾಲರಿಗೂ ಮಿಕ್ಕಿ ತೆರಬೇಕೆಂಬ ಷರತ್ತಿತ್ತು. ಘೋರ ಲೈಂಗಿಕ ಅಪರಾಧಗಳ ಮೇಲಿನ ಸಿವಿಲ್ ದಾವೆಗಳಲ್ಲಿ ಗೋಪ್ಯ ಒಪ್ಪಂದವನ್ನು ನಿಷೇಧಿಸುವ ಕಾನೂನು ಕ್ಯಾಲಿಫೋರ್ನಿಯಾದಲ್ಲಿ ಆ ಹೊತ್ತಿಗಾಗಲೇ ಜಾರಿಯಲ್ಲಿತ್ತು ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. 2017ರ ಡಿಸೆಂಬರಿನಲ್ಲಿ ಅವರು ಹೂಡಿದ ದಾವೆಯ ವಾದವೂ ಆ ಷರತ್ತು ಕಾನೂನುಬಾಹಿರ ಎಂಬುದೇ ಆಗಿತ್ತು. ಸಾರ್ವಜನಿಕ ಟೀಕೆ ಎದ್ದ ಮೇಲೆ, 2018ರ ಜನವರಿಯಲ್ಲಿ, ಮರೋನಿ ನಾಸರ್‌ನ ಶಿಕ್ಷೆಯ ವಿಚಾರಣೆಯಲ್ಲಿ ಮಾತನಾಡಿದರೆ ದಂಡ ಕೇಳುವುದಿಲ್ಲವೆಂದು ಸಂಸ್ಥೆ ಹೇಳಿತು. ಷರತ್ತನ್ನು ನಿಷೇಧಿಸುವ ಕಾನೂನು ಪುಸ್ತಕದಲ್ಲಿ ಇರುವಾಗಲೇ ಅದು ಒಪ್ಪಂದದೊಳಗೆ ಸೇರಿಕೊಂಡಿತ್ತು. ಅಂಥ ಷರತ್ತಿನ ಬಲ ಇರುವುದು ನ್ಯಾಯಾಲಯ ಅದನ್ನು ಎತ್ತಿಹಿಡಿಯುತ್ತದೆಯೋ ಇಲ್ಲವೋ ಎಂಬುದರಲ್ಲಲ್ಲ, ಎತ್ತಿಹಿಡಿದರೆ ಏನು ಗತಿ ಎಂಬ ಅಂಜಿಕೆಯಲ್ಲಿ.

ಆದಕಾರಣ ಈ ಕಾನೂನುಗಳಲ್ಲಿ ಮುಖ್ಯವಾದುದು ‘ಅನೂರ್ಜಿತ’ ಎಂಬ ಘೋಷಣೆಗಿಂತ ಅದರ ಹಿಂದೆ ಬರುವ ಪರಿಣಾಮ. ಕ್ಯಾಲಿಫೋರ್ನಿಯಾ ತನ್ನ ಕಾನೂನಿಗೆ ಮಾಡಿದ, 2017ರ ಜನವರಿಯಿಂದ ಜಾರಿಯಾದ ತಿದ್ದುಪಡಿಯಲ್ಲಿ ಮಕ್ಕಳ ಮೇಲಿನ ದೌರ್ಜನ್ಯವನ್ನು ಸ್ಪಷ್ಟವಾಗಿ ಸೇರಿಸಿದ್ದಲ್ಲದೆ, ಅಂಥ ಷರತ್ತನ್ನು ಹಾಕಲೇಬೇಕೆಂದು ಪಟ್ಟು ಹಿಡಿಯುವ ಅಥವಾ ಅದಕ್ಕೆ ಸಹಿ ಹಾಕುವಂತೆ ಕಕ್ಷಿದಾರನಿಗೆ ಸಲಹೆ ಕೊಡುವ ವಕೀಲನು ವೃತ್ತಿ ಶಿಸ್ತುಕ್ರಮಕ್ಕೆ ಗುರಿಯಾಗುವಂತೆಯೂ ಮಾಡಿತು. ಕರಡು ಬರೆಯುವ ಕೈಗೇ ಬಿಸಿ ಮುಟ್ಟಿಸುವ ಈ ಉಪಾಯ, ಈ ವಿಷಯದ ಶಾಸನಗಳಲ್ಲೆಲ್ಲ ಹೆಚ್ಚು ಚುರುಕಾದದ್ದೆನ್ನಬೇಕು. ದೌರ್ಜನ್ಯಕ್ಕೆ ಒಳಗಾದವರು ತಾವಾಗಿ ಬಯಸಿದರೆ ಅವರ ಗುರುತನ್ನು ಮರೆಯಲ್ಲಿಡಲು ಅವಕಾಶ ಕೊಟ್ಟಿರುವುದೂ ವಿವೇಕದ ನಡೆ. ಹಣದ ಮೊತ್ತವನ್ನು ಗುಟ್ಟಾಗಿಡಲು ಬಿಟ್ಟಿರುವುದನ್ನು ಮಾತ್ರ ಅಷ್ಟು ಸುಲಭವಾಗಿ ಒಪ್ಪಲಾಗದು, ಏಕೆಂದರೆ ಒಂದೇ ಸಂಸ್ಥೆಯ ವಿರುದ್ಧ ನಾಳೆ ಬರುವ ಮತ್ತೊಬ್ಬ ಫಿರ್ಯಾದಿ, ಹಿಂದಿನವರಿಗೆ ಎಷ್ಟು ಸಂದಿದೆ ಎಂಬುದರ ಅರಿವಿಲ್ಲದೆ ಚೌಕಾಸಿಗೆ ಕೂರಬೇಕಾಗುತ್ತದೆ.

ಟೆಕ್ಸಾಸ್ ಕಾಯ್ದೆಯ ನಿಜವಾದ ಧೈರ್ಯ ಇರುವುದು ಅದು ಹಳೆಯ ಕರಾರುಗಳನ್ನೂ ಮುಟ್ಟುವುದರಲ್ಲಿ. ಒಪ್ಪಂದಗಳ ಬಾಧ್ಯತೆಯನ್ನು ರಾಜ್ಯಗಳು ಕುಂದಿಸಬಾರದೆಂದು ಅಮೆರಿಕದ ಸಂವಿಧಾನದ ಮೊದಲನೆಯ ಅನುಚ್ಛೇದ ಹೇಳುವುದರಿಂದ, ಪೂರ್ವಾನ್ವಯವಾಗುವ, ಅಂದರೆ ಹಿಂದೆ ಆಗಿಹೋದ ವ್ಯವಹಾರಕ್ಕೂ ತಗಲುವ ಕಾನೂನು ಯಾವಾಗಲೂ ಆಕ್ಷೇಪಕ್ಕೆ ತೆರೆದಿರುತ್ತದೆ. ಆದರೂ ಈ ವಿಷಯದಲ್ಲಿ ಪೂರ್ವಾನ್ವಯವಿಲ್ಲದ ಕಾನೂನು ಅರೆಬರೆಯೇ. ಬಾಲ್ಯದ ದೌರ್ಜನ್ಯವನ್ನು ಹೇಳಿಕೊಳ್ಳಲು ಹಲವರಿಗೆ ದಶಕಗಳೇ ಬೇಕಾಗುತ್ತವೆ, ಆ ವೇಳೆಗೆ ಅನೇಕರ ಸಹಿ ಎಂದೋ ಆಗಿಹೋಗಿರುತ್ತದೆ. ಒಕ್ಕೂಟ ಸರ್ಕಾರ 2022ರಲ್ಲಿ ತಂದ ‘ಸ್ಪೀಕ್ ಔಟ್ ಆ್ಯಕ್ಟ್’ ವಿವಾದ ಹುಟ್ಟುವ ಮೊದಲೇ ಮಾಡಿಕೊಂಡ ಗೋಪ್ಯತಾ ಕರಾರುಗಳಿಗಷ್ಟೇ ಅನ್ವಯಿಸುವುದರಿಂದ, ಪರಿಹಾರದ ಹೊತ್ತಿನಲ್ಲಿ ಬರೆಸಿಕೊಂಡ ಮೌನಕ್ಕೆ ಅದರಿಂದ ಯಾವ ಭಂಗವೂ ಇಲ್ಲ.

ಗೋಪ್ಯತೆಯ ಭರವಸೆ ಇಲ್ಲದಿದ್ದರೆ ಸಂಸ್ಥೆಗಳು ರಾಜಿಗೇ ಬರುವುದಿಲ್ಲ, ಸಂತ್ರಸ್ತರು ವರ್ಷಗಟ್ಟಲೆ ನ್ಯಾಯಾಲಯ ಸುತ್ತಬೇಕಾಗುತ್ತದೆ ಎಂಬುದು ವಿರೋಧಿಗಳ ಮುಖ್ಯ ವಾದ. ಇದನ್ನು ತಳ್ಳಿಹಾಕುವಂತಿಲ್ಲವಾದರೂ, ಅಮೆರಿಕದ ಕ್ಯಾಥೊಲಿಕ್ ಬಿಷಪರು 2002ರ ಡಲಸ್ ಸನ್ನದಿನಲ್ಲಿ, ಸಂತ್ರಸ್ತರೇ ಗಂಭೀರ ಕಾರಣ ಮುಂದಿಟ್ಟು ಕೋರಿದ ಹೊರತು ಗೋಪ್ಯತೆಯ ಒಪ್ಪಂದ ಮಾಡಿಕೊಳ್ಳುವುದಿಲ್ಲವೆಂದು ಒಪ್ಪಿದ ಮೇಲೂ ಧರ್ಮಪ್ರಾಂತ್ಯಗಳು ಪರಿಹಾರ ಕೊಡುತ್ತಲೇ ಬಂದಿವೆ. ವಿಚಾರಣೆಯಲ್ಲಿ ಜ್ಯೂರಿ ವಿಧಿಸಬಹುದಾದ ಮೊತ್ತದ ಅಂಜಿಕೆಯೂ ಸಂಸ್ಥೆಗಳನ್ನು ರಾಜಿಗೆ ತರುತ್ತದೆ ಎಂಬುದನ್ನು ಈ ವಾದ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಭಾರತದಲ್ಲಿ ಇಂಥ ಕರಾರನ್ನು ತಡೆಯಲು ಹೊಸ ಕಾಯ್ದೆಯೇನೂ ಬೇಕಿಲ್ಲ. ಸಾರ್ವಜನಿಕ ನೀತಿಗೆ ವಿರುದ್ಧವಾದ ಒಪ್ಪಂದ 1872ರ ಕರಾರು ಕಾಯ್ದೆಯ 23ನೇ ಕಲಮಿನಡಿ ಅನೂರ್ಜಿತ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮು ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಅರಿವುಳ್ಳ ಯಾರೇ ಆಗಲಿ ವರದಿ ಮಾಡಬೇಕೆಂದು ವಿಧಿಸುತ್ತದೆ, ತನ್ನ ಕೈಕೆಳಗಿನವನ ಅಪರಾಧವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ 21ನೇ ಕಲಮಿನಡಿ ಒಂದು ವರ್ಷದವರೆಗಿನ ಸೆರೆವಾಸ ಉಂಟು. ಆದರೆ ಇಲ್ಲಿ ಮೌನಕ್ಕೆ ಛಾಪಾ ಕಾಗದವೇ ಬೇಕಿಲ್ಲ. ಊರ ಹಿರಿಯರ ಎದುರು ಆಡಿದ ಮಾತು ಸಾಕು, ‘ಮರ್ಯಾದೆ’ ಎಂಬ ಒಂದು ಪದ ಸಾಕು. ರಾಜಸ್ಥಾನದ ಶಾಲಾ ಶಿಕ್ಷಕನೊಬ್ಬನ ಮೇಲಿನ ಪೋಕ್ಸೊ ಪ್ರಕರಣವನ್ನು ಬಾಲಕಿಯ ತಂದೆಯೊಡನೆ ಆದ ರಾಜಿಯ ಆಧಾರದ ಮೇಲೆ ಅಲ್ಲಿನ ಹೈಕೋರ್ಟ್ ರದ್ದುಪಡಿಸಿದ್ದನ್ನು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ತಳ್ಳಿಹಾಕಬೇಕಾಗಿ ಬಂದದ್ದೇ ಇಂಥ ರಾಜಿ ಎಷ್ಟು ಮೇಲಿನವರೆಗೆ ಮನ್ನಣೆ ಪಡೆಯಬಲ್ಲದು ಎಂಬುದಕ್ಕೆ ಸಾಕ್ಷಿ. ಅಪರಾಧಿಯನ್ನು ಶಿಕ್ಷೆಯಿಂದ ಪಾರುಮಾಡಲು ಹಣ ಕೊಡುವುದೂ ಪಡೆಯುವುದೂ ಭಾರತೀಯ ದಂಡ ಸಂಹಿತೆಯ ಕಾಲದಿಂದಲೂ ಅಪರಾಧವೇ. ಇಂಥ ರಾಜಿಗಳಲ್ಲಿ ನಡುವೆ ನಿಂತು ಮಾತುಕತೆ ಕುದುರಿಸಿದ ಪ್ರತಿಷ್ಠಿತರ ಮೇಲೆ ಆ ಕಲಮುಗಳನ್ನು ಹೂಡುವ ಅಧಿಕಾರ ಪೊಲೀಸರ ಕೈಯಲ್ಲಿ ಈಗಾಗಲೇ ಇದೆ, ಕ್ಯಾಲಿಫೋರ್ನಿಯಾ ತನ್ನ ವಕೀಲರ ವಿಷಯದಲ್ಲಿ ಮಾಡಿದಂತೆ ಇದಕ್ಕಾಗಿ ಬೇರೆ ತಿದ್ದುಪಡಿಯನ್ನು ತರಬೇಕಾದ ಅಗತ್ಯವೂ ಇಲ್ಲ.