ಹದಿನೈದು ಸೆಕೆಂಡಿನ ಸಾಕ್ಷಿ

ಐವರ್‌ಮೆಕ್ಟಿನ್‌ಗೆ ಹೊಗಳುವವರ ಕೊರತೆ ಎಂದೂ ಬಂದಿಲ್ಲ. 1981ರಲ್ಲಿ ಜಾನುವಾರು ಔಷಧಿಯಾಗಿ ಮಾರುಕಟ್ಟೆಗೆ ಬಂತು, ನದಿಕುರುಡು ಎಂಬ ಮನುಷ್ಯರ ಕಾಯಿಲೆಗೂ ಮದ್ದಾಯಿತು, 2015ರಲ್ಲಿ ವಿಲಿಯಂ ಕ್ಯಾಂಪ್‌ಬೆಲ್ ಮತ್ತು ಸತೋಶಿ ಒಮುರಾ ಅವರಿಗೆ ನೊಬೆಲ್ ತಂದಿತು. ಅದಕ್ಕೆ ನನ್ನ ತಕರಾರಿಲ್ಲ. ತಕರಾರಿರುವುದು ಇನ್ನೊಂದು ಕೀರ್ತಿಯ ಬಗ್ಗೆ. ದನದ ಸಗಣಿಯಲ್ಲಿ ಹೊರಬಿದ್ದ ಮದ್ದು ಹಳ್ಳದ ಜೀವಿಗಳಿಗೆ ಎಷ್ಟು ಅಪಾಯವೆಂದು ತೀರ್ಪು ಹೇಳುವ 48 ಗಂಟೆಯ ಡಾಫ್ನಿಯಾ ಪರೀಕ್ಷೆಗೆ ಅದರ ಯೋಗ್ಯತೆ ಮೀರಿದ ಮರ್ಯಾದೆ ಸಿಕ್ಕಿದೆ.

ಈ ಪರೀಕ್ಷೆಯ ವಿಧಾನ ಹೇಳುವ ಒಇಸಿಡಿಯ 202ನೇ ಮಾರ್ಗಸೂಚಿಯನ್ನು ಒಂದು ಗದ್ಯಕೃತಿಯಂತೆಯೇ ಓದೋಣ. ಹುಟ್ಟಿ 24 ಗಂಟೆ ತುಂಬದ, ಡಾಫ್ನಿಯಾ ಎಂಬ ನೀರುಚಿಗಟದ ಮರಿಗಳು, ಮದ್ದಿನ ಒಂದೊಂದು ಪ್ರಮಾಣಕ್ಕೂ ಕನಿಷ್ಠ 20. ಊಟವಿಲ್ಲ. ಅವಧಿ ಮುಗಿದಾಗ ಪಾತ್ರೆಯನ್ನು ಮೆಲ್ಲನೆ ಅಲುಗಿಸಬೇಕು. 15 ಸೆಕೆಂಡಿನೊಳಗೆ ಈಜದ ಮರಿ ನಿಶ್ಚಲ. ಮೀಸೆ ಆಡಿಸುತ್ತಿದ್ದರೂ ಲೆಕ್ಕದಲ್ಲಿ ನಿಶ್ಚಲವೇ.

ಈ ಮೀಸೆಯ ಮಾತಿನ ಹತ್ತಿರ ನಾನು ಪ್ರತಿಸಲ ನಿಲ್ಲುತ್ತೇನೆ. ಎಂಥ ಕಟ್ಟುನಿಟ್ಟು ಅನ್ನಿಸುತ್ತದೆ: ಅರೆಜೀವವನ್ನೂ ಬಿಡದೆ ನೊಂದವರ ಪಟ್ಟಿಗೆ ಸೇರಿಸುವ ಉದಾರತೆ. ಆದರೆ ಅದೇ ಮಾತನ್ನು ತಿರುವಿ ಓದಿ. ಹದಿನಾಲ್ಕನೇ ಸೆಕೆಂಡಿಗೆ ಒಮ್ಮೆ ತಡವರಿಸಿ ಈಜಿದ ಮರಿ ಆರೋಗ್ಯವಂತರ ಪಟ್ಟಿಗೆ ಹೋಯಿತು. ಅದು ಮುಂದೆ ಮೇಯುತ್ತದೆಯೆ, ಬೆಳೆಯುತ್ತದೆಯೆ, ಮರಿ ಹಾಕುತ್ತದೆಯೆ? ಪಠ್ಯ ಆ ಹೊತ್ತಿಗೆ ಪುಟ ಮುಚ್ಚಿರುತ್ತದೆ. ಸಂಧಿಪದಿಗಳ ನರಗಳನ್ನು ಮಂಕಾಗಿಸುವುದಕ್ಕೂ ಬಳಸುವ ಮದ್ದನ್ನು ಒಂದು ಸಂಧಿಪದಿಯ ಮೇಲೆ ಪರೀಕ್ಷಿಸುವಾಗ ಈ ಅವಸರ ಸಣ್ಣ ದೋಷವಲ್ಲ. ಗ್ಲುಟಮೇಟ್‌ಗೆ ತೆರೆಯುವ ಕ್ಲೋರೈಡ್ ನಾಳ ದನಕ್ಕಿಲ್ಲ, ಉಣುಗಿಗಿದೆ. ನೀರುಚಿಗಟ ಉಣುಗಿನ ಕಡೆಯ ನೆಂಟ.

ಈಗ ಅಂಕಿಗಳು. 1989ರಲ್ಲಿ ವರದಿಯಾದ ಪ್ರಕಾರ, ಲೀಟರಿಗೆ 25 ನ್ಯಾನೋಗ್ರಾಂ ಇದ್ದರೆ 48 ಗಂಟೆಯಲ್ಲಿ ಅರ್ಧದಷ್ಟು ಡಾಫ್ನಿಯಾ ಸಾಯುತ್ತವೆ. 2007ರಲ್ಲಿ ಗ್ಯಾರಿಕ್ ಮತ್ತು ಸಂಗಡಿಗರಿಗೆ ಸಿಕ್ಕಿದ್ದು 5.7. ಅವರು ಅಲ್ಲಿಗೆ ನಿಲ್ಲಿಸದೆ ಬೆಳವಣಿಗೆಯನ್ನೂ ಸಂತಾನವನ್ನೂ ನೋಡಿದರು. ಯಾವ ತೊಂದರೆಯೂ ಕಾಣದ ಪ್ರಮಾಣ 0.0003 ನ್ಯಾನೋಗ್ರಾಂಗೆ ಇಳಿಯಿತು. ಎರಡರ ನಡುವೆ 19,000 ಪಟ್ಟು ಅಂತರ. ಜಾನುವಾರು ಔಷಧಿಗಳ ವಿಐಸಿಎಚ್ ಮಾರ್ಗಸೂಚಿ ಮೊದಲ ಸುತ್ತಿನಲ್ಲಿ ಡಾಫ್ನಿಯಾ ಅಂಕಿಯನ್ನು 1000ದಿಂದ ಭಾಗಿಸಿ ಸುರಕ್ಷಿತ ಮಟ್ಟ ಗೊತ್ತುಮಾಡುತ್ತದೆ. ಸಾವಿರ! ಕೇಳಲು ಧಾರಾಳ. 5.7ನ್ನು ಭಾಗಿಸಿದರೆ 0.0057. ಸುರಕ್ಷಿತ ಎನಿಸಿಕೊಂಡ ಆ ನೀರು, ತೊಂದರೆ ಕಾಣದ ಮಟ್ಟಕ್ಕಿಂತ ಹತ್ತೊಂಬತ್ತು ಪಟ್ಟು ಗಾಢ.

ನೀರಿನಲ್ಲಿ ಇರಬಹುದಾದ ಪ್ರಮಾಣವನ್ನು ಸುರಕ್ಷಿತ ಮಟ್ಟದಿಂದ ಭಾಗಿಸಿದಾಗ ಸಿಗುವ ಅಪಾಯದ ಭಾಗಲಬ್ಧ 1 ದಾಟಿದರೆ ದೀರ್ಘಾವಧಿ ಪರೀಕ್ಷೆಯ ಎರಡನೇ ಸುತ್ತು ಇದೆಯಲ್ಲ ಎನ್ನುತ್ತಾರೆ. ಇದೆ. ದಾಟದವುಗಳ ಗತಿ? ಇಂಥದೇ ಅಂತರವಿರುವ ಮದ್ದು ಮೊದಲ ಬಾಗಿಲಲ್ಲೇ ಶಹಬ್ಬಾಸ್ ಅನ್ನಿಸಿಕೊಂಡು ಹೊರಬೀಳಬಹುದು.

ಇನ್ನು ಸಗಣಿಹುಳದ ಪಕ್ಷದವರು. 1987ರಲ್ಲಿ ವಾಲ್ ಮತ್ತು ಸ್ಟ್ರಾಂಗ್ ನೇಚರ್ ಪತ್ರಿಕೆಯಲ್ಲಿ, ಮದ್ದು ತಿಂದ ಕರುಗಳ ಸಗಣಿಗೆ ಹುಳ ಬಾರದೆ ಅದು ಕೊಳೆಯದೆ ಉಳಿಯುತ್ತದೆಂದು ತೋರಿಸಿದ್ದು ದೊಡ್ಡ ಕೆಲಸ. ಆದರೆ ಆಮೇಲೆ ವಾದವೆಲ್ಲ ಹುಲ್ಲುಗಾವಲಲ್ಲೇ ಬೀಡುಬಿಟ್ಟಿತು. ಕರುಗಳಿಗೆ ಕೊಟ್ಟದ್ದು ಹೊಟ್ಟೆಯಲ್ಲಿ ಕೂತು ನಿಧಾನ ಬಿಡುವ ಗುಳಿಗೆಯಲ್ಲವೆ, ಹುಳ ಎಷ್ಟು ದಿನಕ್ಕೆ ಮರಳುತ್ತದೆ, ಇಂಥವೇ. ಅಲ್ಲೇ ಇಳಿಜಾರಿನಲ್ಲಿ ಹರಿಯುವ ತೊರೆ ಅಡಿಟಿಪ್ಪಣಿಯಾಯಿತು. ತೊರೆಯ ಮಾತೆತ್ತಿದರೆ ಸಿದ್ಧ ಉತ್ತರ: ಮದ್ದು ಮಣ್ಣಿಗೆ ಅಂಟಿಕೊಳ್ಳುತ್ತದೆ, ನೀರಿಗೆ ಬಾರದು. ಅಂಟುತ್ತದೆ, ಒಪ್ಪಿದೆ. ಮಳೆ ಹಿಡಿದರೆ ಆ ಮಣ್ಣೇ ಹಳ್ಳಕ್ಕಿಳಿದು ಹೂಳಾಗುತ್ತದೆ. ಹೂಳನ್ನೇ ತಿಂದು ಬೆಳೆಯುವ ಹುಳಗಳಿವೆ, ಆ ಹುಳಗಳನ್ನು ತಿನ್ನುವ ಮೀನುಗಳಿವೆ. ದನ ಮೊಣಕಾಲುದ್ದ ನೀರಲ್ಲಿ ನಿಂತೇ ಸಗಣಿ ಹಾಕಿದರೆ ಮಣ್ಣು ನಡುವೆ ಬರುವುದೂ ಇಲ್ಲ. ಮಂಗನಕಾಯಿಲೆಯ ಉಣುಗಿಗೆ ಹೆದರಿ ದನಗಳಿಗೆ ಮದ್ದು ಮಾಡುವ ನಮ್ಮ ಮಲೆನಾಡಿನವರಿಗೆ ಈ ದೃಶ್ಯವನ್ನು ವರ್ಣಿಸಬೇಕಿಲ್ಲ. ಚರ್ಮದಡಿಯ ಚುಚ್ಚುಮದ್ದು ಕಿಲೋ ತೂಕಕ್ಕೆ 0.2 ಮಿಲಿಗ್ರಾಂ, 300 ಕಿಲೋ ಹಸುವಿಗೆ 60 ಮಿಲಿಗ್ರಾಂ. ಅಷ್ಟನ್ನೂ ಆ 5.7ಕ್ಕೆ ತೆಳುವಾಗಿಸಲು ಒಂದು ಕೋಟಿ ಲೀಟರ್ ನೀರು ಬೇಕು. ಅಷ್ಟೂ ಮದ್ದು ಹಳ್ಳ ಸೇರುವುದಿಲ್ಲ, ನಿಜ. ನೂರರಲ್ಲೊಂದು ಪಾಲು ಸೇರಿದರೂ ಒಂದು ಲಕ್ಷ ಲೀಟರ್. ಬೇಸಿಗೆಯ ಗುಂಡಿಗಳಲ್ಲಿ ಅಷ್ಟು ನೀರು ಎಲ್ಲಿದೆ?

ಗ್ಯಾರಿಕ್ ಅವರ 0.0003ರ ಅಂಕಿ ಕೇವಲ ಬೆರೆಸಿದ ಲೆಕ್ಕ, ಅಳೆದು ಖಚಿತಪಡಿಸಿದ್ದಲ್ಲ ಎಂಬ ಆಕ್ಷೇಪ ಮಾತ್ರ ಗಟ್ಟಿಯಾದದ್ದು. ಅಳೆಯುವುದಾದರೂ ಹೇಗೆ? ಆ ಪ್ರಮಾಣ ಉಪಕರಣದ ಪತ್ತೆಮಿತಿಗಿಂತ ಎಷ್ಟೋ ಕೆಳಗಿದೆ. ಈ ಆಕ್ಷೇಪ ಎತ್ತುವವರು ಅದೇ ಉಪಕರಣ ತೊರೆಯ ನೀರಿನ ಬಗ್ಗೆ ಕೊಡುವ ‘ಪತ್ತೆಯಾಗಿಲ್ಲ’ ಎಂಬ ವರದಿಯನ್ನು ಮಾತ್ರ ಯಾವ ಆಕ್ಷೇಪವೂ ಇಲ್ಲದೆ ಮಡಚಿ ಜೇಬಿಗಿಟ್ಟುಕೊಳ್ಳುತ್ತಾರೆ.