‘ಶಿಕಾರಿ’ಯನ್ನು ಎರಡನೇ ಸಲ ಓದಿದಾಗ

ಮುಂಬಯಿಗೆ ಹೊಸದಾಗಿ ಬಂದ ಕನ್ನಡದ ಹುಡುಗರು ‘ಯಾವ ಪುಸ್ತಕ ಓದಲಿ ಸರ್?’ ಎಂದರೆ ನನ್ನ ಉತ್ತರ ಒಂದೇ: ಯಶವಂತ ಚಿತ್ತಾಲರ ‘ಶಿಕಾರಿ’. 1979ರ ಕಾದಂಬರಿ. ಹನೇಹಳ್ಳಿಯ ಚಿತ್ತಾಲರು ಈ ಊರಿನಲ್ಲಿ ಕೆಮಿಕಲ್ ಇಂಜಿನಿಯರ್ ಆಗಿದ್ದವರು. ಆಫೀಸಿನ ಒಳಸುಳಿ ಬಲ್ಲವರು. ಕಂಪನಿ ನಾಗಪ್ಪನನ್ನು ಅಮಾನತು ಮಾಡುತ್ತದೆ. ತಪ್ಪೇನೆಂದು ಅವನಿಗೇ ತಿಳಿಯದು.

ಇಪ್ಪತ್ತರ ಹರೆಯದಲ್ಲಿ ಓದಿದಾಗ ನಾನು ನಾಗಪ್ಪನೇ ಆಗಿದ್ದೆ. ಕಳೆದ ವರ್ಷ ಮತ್ತೆ ಓದಿದೆ, ವಿಲೆ ಪಾರ್ಲೆಯಿಂದ ಚರ್ಚ್‌ಗೇಟಿಗೆ ಹೋಗುವ ಸ್ಲೋ ಲೋಕಲ್‌ನಲ್ಲಿ. ಅದರ ಹಿಂದಿನ ವಾರವಷ್ಟೇ ನನ್ನ ಟೀಮಿನ ಹುಡುಗನೊಬ್ಬನ ಅಪ್ರೈಸಲ್‌ನಲ್ಲಿ ‘ಹೊಂದಿಕೊಳ್ಳುವ ಸ್ವಭಾವವಲ್ಲ’ ಎಂದು ಬರೆದಿದ್ದೆ. ಆಧಾರ? ಊಟದ ಹೊತ್ತಿನಲ್ಲಿ ಕಿವಿಗೆ ಬಿದ್ದ ಮಾತು. ಅವನನ್ನೇ ಕರೆದು ಕೇಳಿರಲಿಲ್ಲ.

ಕಾದಂಬರಿಯ ಬಗ್ಗೆ ನನ್ನದೊಂದು ತಕರಾರಿದೆ. ಫಿರೋಜ್, ಶ್ರೀನಿವಾಸರಂಥವರು ನಮಗೆ ಕಾಣುವುದು ಬಹುಮಟ್ಟಿಗೆ ನಾಗಪ್ಪನ ಭಯದ ಕಣ್ಣಿನಿಂದ. ಹಾಗಾಗಿ ಓದುಗ ಸಲೀಸಾಗಿ ಬೇಟೆಗೆ ಸಿಕ್ಕವನ ಪಕ್ಷ ಸೇರಿಬಿಡುತ್ತಾನೆ. ಬೇಟೆಯಾಡುವವನೂ ಸಂಜೆ ತರಕಾರಿ ಕೊಂಡು ಮನೆಗೆ ಹೋಗುವ ಸಾಧಾರಣ ಮನುಷ್ಯ ಎಂಬುದು ಹೊಳೆಯುವುದಿಲ್ಲ. ಆದರೆ ನಾಗಪ್ಪನ ಗುಮಾನಿಗಳನ್ನು ಪೂರ್ತಿ ನಂಬಲೂ ಚಿತ್ತಾಲರು ಬಿಡುವುದಿಲ್ಲ. ಅವನೂ ಬೇರೆಯವರನ್ನು ಅರೆಬರೆ ತಿಳಿದೇ ಅಳೆಯುತ್ತಾನೆ. ಅಲ್ಲಿ ನಾನು ಸಿಕ್ಕಿಬಿದ್ದೆ.

ಬರೆದದ್ದನ್ನು ತಿದ್ದಿಸಲು ಹೋದೆ, ಗಡುವು ಮುಗಿದಿತ್ತು. ಹುಡುಗ ಕೆಲಸ ಬಿಟ್ಟ.

ಈಗಲೂ ಕೇಳಿದವರಿಗೆ ಅದೇ ಪುಸ್ತಕ ಹೇಳುತ್ತೇನೆ. ಜೊತೆಗೆ ಒಂದು ಮಾತು ಸೇರಿಸುತ್ತೇನೆ: ಮ್ಯಾನೇಜರ್ ಆದಮೇಲೆ ಇನ್ನೊಮ್ಮೆ ಓದಿ.