ಬಿಡುಗಡೆ ಚೀಟಿಯ ಓದುಗರು ಯಾರು?

ಕಾಯಿಲೆಯವರ ವಿಷಯದಲ್ಲಿ ಉರ್ದುವಿಗೆ ಎರಡು ಪದಗಳಿವೆ. ಒಂದು ಇಯಾದತ್, ಅಂದರೆ ರೋಗಿಯನ್ನು ಕಂಡು ಕ್ಷೇಮ ವಿಚಾರಿಸಿ ಬರುವುದು. ಇನ್ನೊಂದು ತೀಮಾರ್‌ದಾರಿ, ಅಂದರೆ ಬಳಿಯಲ್ಲಿದ್ದು ಔಷಧಿ, ಪಥ್ಯ ನೋಡಿಕೊಳ್ಳುವುದು. ಮೊದಲನೆಯದರಲ್ಲಿ ನಮ್ಮ ಸಮಾಜ ಹಿಂದೆ ಬಿದ್ದಿಲ್ಲ. ಹಣ್ಣಿನ ಚೀಲ ಹಿಡಿದು ವಾರ್ಡಿನ ಬಾಗಿಲಲ್ಲಿ ನಿಲ್ಲುವವರಿಗೆ ಲೆಕ್ಕವಿಲ್ಲ. ರೋಗಿ ಮನೆ ಸೇರಿದ ಕೆಲವು ದಿನಗಳಲ್ಲಿ ಆ ಗುಂಪು ಕರಗುತ್ತದೆ. ಉಳಿಯುವುದು ತೀಮಾರ್‌ದಾರಿ. ಅದು ಹೆಚ್ಚಾಗಿ ಒಬ್ಬ ಸೊಸೆಯ ಅಥವಾ ಮಗಳ ಪಾಲು. ಅವಳ ಕೈಗೆ ಆಸ್ಪತ್ರೆ ಕೊಟ್ಟಿರುವುದು ಒಂದೇ ಕಾಗದ, ಡಿಸ್ಚಾರ್ಜ್ ಸಮ್ಮರಿ.

ಕತೆ, ಕವಿತೆಗಳನ್ನು ಸಾಲು ಸಾಲಾಗಿ ಒರೆಗೆ ಹಚ್ಚುವ ನಾವು ಈ ಕಾಗದವನ್ನೂ ಒಂದು ಬರಹವೆಂದು ಓದಬೇಕಾಗಿದೆ. ಬರಹ ಯಾರಿಗಾಗಿ ಎಂಬುದು ವಿಮರ್ಶೆಯ ಮೊದಲ ಪ್ರಶ್ನೆ. ಇಲ್ಲಿ ಒಬ್ಬ ವೈದ್ಯರು ಮುಂದಿನ ವೈದ್ಯರಿಗೆ ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಅದು ಬೇಕೇ ಬೇಕು. ಆದರೆ ಕೊನೆಯ ಪುಟದ ಔಷಧಿ ಪಟ್ಟಿ ಮನೆಯವರಿಗೆ ಸೇರಿದ್ದು, ಅಲ್ಲಿಯೂ ಭಾಷೆ ಬದಲಾಗುವುದಿಲ್ಲ. 1-0-1 ಎಂಬುದನ್ನು ಮೆಡಿಕಲ್ ಶಾಪಿನ ಹುಡುಗ ಬಿಡಿಸಿ ಹೇಳಿಯಾನು. ‘ಎಸ್‌ಒಎಸ್’ ಎಂದರೆ ಅಗತ್ಯ ಬಿದ್ದಾಗ ಮಾತ್ರ ಎಂದು ಹೇಳುವವರು ಯಾರು? ‘ಹಿಂದಿನ ಔಷಧಿ ಮುಂದುವರಿಸಿ’ ಎಂದರೆ ಯಾವ ಹಿಂದಿನದು?

ಕಾಯಿಲೆ ಒಂದೇ ಆಗಿದ್ದರೆ ಹೇಗೋ ನಡೆದೀತು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ದುರ್ಬಲ ಹೃದಯ, ಸೋತ ಮೂತ್ರಪಿಂಡ, ಮಂಡಿನೋವು ಇವೆಲ್ಲ ಒಬ್ಬರಲ್ಲೇ ಕೂಡಿದಾಗ ಡಾಕ್ಟರೂ ನಾಲ್ವರಾಗುತ್ತಾರೆ, ಚೀಟಿಗಳೂ ನಾಲ್ಕಾಗುತ್ತವೆ. ಟೆಲ್ಮಿಸಾರ್ಟನ್‌ನಂತಹ ರಕ್ತದೊತ್ತಡದ ಮಾತ್ರೆ ಹತ್ತಾರು ಹೆಸರುಗಳಲ್ಲಿ ಮಾರಾಟವಾಗುತ್ತದೆ. ಹಳೆಯ ಡಬ್ಬಿಯದೊಂದು, ಹೊಸ ಚೀಟಿಯದೊಂದು ನುಂಗಿದರೆ ಔಷಧಿ ಎರಡು ಪಟ್ಟಾಗಿ, ರೋಗಿ ತಲೆಸುತ್ತಿ ಬೀಳಬಹುದು. ಮಂಡಿನೋವಿಗೆ ಅಂಗಡಿಯಿಂದ ತಂದ ಡೈಕ್ಲೋಫೆನಾಕ್ ಮೂತ್ರಪಿಂಡವನ್ನು ಇನ್ನಷ್ಟು ಕೆಡಿಸುತ್ತದೆ, ದುರ್ಬಲ ಹೃದಯದವರ ದೇಹದಲ್ಲಿ ನೀರು ನಿಲ್ಲಿಸುತ್ತದೆ. ಊಟ ಕಡಿಮೆಯಾಗಿ ಇನ್ಸುಲಿನ್ ಮಾತ್ರ ಮೊದಲಿನಷ್ಟೇ ಇದ್ದರೆ ರಾತ್ರಿ ಸಕ್ಕರೆ ಕುಸಿಯುತ್ತದೆ. ಬೆಳಿಗ್ಗೆ-ರಾತ್ರಿ ಎಂದು ಬರೆದ ಪಟ್ಟಿಗೆ ರಮಝಾನಿನ ಸಹರಿ, ಇಫ್ತಾರ್‌ಗಳ ಪರಿಚಯವೂ ಇರುವುದಿಲ್ಲ. ಉಪವಾಸ ಹಿಡಿಯಬಹುದೇ, ಬಾರದೇ ಎಂದು ಕೇಳಿಕೊಳ್ಳದೆಯೇ ಮನೆಗೆ ಮರಳುವವರಿದ್ದಾರೆ.

ಒಳ್ಳೆಯ ಕತೆಯಲ್ಲಿ ಬರೆಯದೆ ಬಿಟ್ಟದ್ದೂ ಮಾತಾಡುತ್ತದೆ. ಈ ಚೀಟಿಯಲ್ಲಿ ಬಿಟ್ಟುಹೋದದ್ದು ಜೀವಕ್ಕೆ ಎರವಾಗಬಹುದು. ಯಾವುದನ್ನು ಆರಂಭಿಸಬೇಕೆಂದು ಹೇಳುವ ಪಟ್ಟಿ ಯಾವುದನ್ನು ನಿಲ್ಲಿಸಬೇಕೆಂದು ಎಷ್ಟೋ ಸಲ ಹೇಳುವುದಿಲ್ಲ. ಎರಡು ಮೂರು ದಿನಗಳಲ್ಲಿ ತೂಕ 2 ಕಿಲೋ ಏರಿದರೆ, ಕಾಲು ಬಾತರೆ, ಮಲಗಿದಾಗ ಉಸಿರು ಕಟ್ಟಿದರೆ ಕಾಯಬೇಡಿ ಎಂಬ ಸಾಲು ಹೃದಯದ ರೋಗಿಯ ಚೀಟಿಯಲ್ಲಿ ಇರಲೇಬೇಕು. ಯಾರಿಗೆ ಫೋನ್ ಮಾಡಬೇಕೆಂಬುದೂ ಇರಬೇಕು. ಇದನ್ನು ಯಾರೋ ಒಬ್ಬ ಡಾಕ್ಟರರ ಉದಾಸೀನವೆಂದು ತಳ್ಳಿಹಾಕುವಂತಿಲ್ಲ. ನಾಲ್ಕು ಚೀಟಿಗಳನ್ನು ಒಟ್ಟಿಗಿಟ್ಟು ನೋಡುವ ಕೆಲಸ ಯಾರ ಹೆಸರಿನಲ್ಲೂ ಇಲ್ಲದಿರುವುದೇ ನಿಜವಾದ ದೋಷ.

ಈ ಕೆಲಸವನ್ನು ಒಬ್ಬರ ಹೆಸರಿಗೆ ಬರೆದು ನೋಡಿದವರಿದ್ದಾರೆ. ಅಮೆರಿಕದ ಕೊಲರಾಡೊದ ವೈದ್ಯ ಎರಿಕ್ ಕೋಲ್ಮನ್ ಅವರ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರೋಗಿಗೂ ಮನೆಯವರಿಗೂ ದಾರಿ ತೋರಲು ಒಬ್ಬರನ್ನು ಗೊತ್ತುಮಾಡಿತ್ತು. ಔಷಧಿಯ ತಿಳಿವಳಿಕೆ, ರೋಗಿಯ ಕೈಯಲ್ಲೇ ಉಳಿಯುವ ದಾಖಲೆ, ಸಕಾಲದ ಮರುಭೇಟಿ, ಅಪಾಯದ ಸೂಚನೆಗಳ ಅರಿವು, ಇವು ನಾಲ್ಕೇ ಅದರ ಕಂಬಗಳು. ಮತ್ತೆ ಆಸ್ಪತ್ರೆ ಸೇರುವವರ ಸಂಖ್ಯೆ ಅದರಿಂದ ತಗ್ಗಿತು. ಅಷ್ಟು ದೂರ ಹೋಗಲೂ ಬೇಕಿಲ್ಲ. ಕೋಝಿಕ್ಕೋಡಿನಲ್ಲಿ 1993ರಲ್ಲಿ ಆರಂಭವಾದ ಉಪಶಾಮಕ ಆರೈಕೆಯ ಕೆಲಸ ನೆರೆಯ ಮಲಪ್ಪುರಂ ಜಿಲ್ಲೆಯಲ್ಲಿ ನೆರೆಕರೆಯವರದೇ ಜಾಲವಾಗಿ ಬೆಳೆಯಿತು. ತರಬೇತಿ ಪಡೆದ ಸ್ವಯಂಸೇವಕರು ನರ್ಸ್ ಜತೆ ದೀರ್ಘಕಾಲದ ರೋಗಿಗಳ ಮನೆಗೆ ಹೋಗುತ್ತಾರೆ. 2008ರಲ್ಲಿ ಕೇರಳ ಸರ್ಕಾರ ಉಪಶಾಮಕ ಆರೈಕೆಗೆಂದೇ ನೀತಿ ರೂಪಿಸಿತು. ಅಲ್ಲಿ ಇಯಾದತ್ ಎಂಬುದೇ ತೀಮಾರ್‌ದಾರಿಯಾಗಿ ಮಾರ್ಪಟ್ಟಿದೆ ಎನ್ನಬಹುದು.

ನಮ್ಮಲ್ಲಿ? ಆಯುಷ್ಮಾನ್ ಭಾರತ್ ಪ್ಯಾಕೇಜಿನಲ್ಲಿ ಬಿಡುಗಡೆಯ ನಂತರದ 15 ದಿನಗಳ ವೆಚ್ಚ ಸೇರಿದೆ. ಸಕ್ಕರೆ ಕಾಯಿಲೆಯೋ ಹದಿನಾರನೆಯ ದಿನವೂ ಮನೆಯಲ್ಲೇ ಇರುತ್ತದೆ. 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭವಾದ ‘ಗೃಹ ಆರೋಗ್ಯ’ ಯೋಜನೆ ಮನೆಬಾಗಿಲಿಗೇ ಹೋಗಿ ಸಕ್ಕರೆ, ರಕ್ತದೊತ್ತಡ ಪರೀಕ್ಷಿಸುವಂಥದ್ದು, ಒಳ್ಳೆಯ ಹೆಜ್ಜೆ. ಇಂಥವರು ಇಂದು ಮನೆಗೆ ಬರುತ್ತಿದ್ದಾರೆ ಎಂಬ ಸುದ್ದಿ ಆಸ್ಪತ್ರೆಯಿಂದ ಆ ಊರಿನ ಆರೋಗ್ಯ ಕೇಂದ್ರಕ್ಕೂ ಆಶಾ ಕಾರ್ಯಕರ್ತೆಗೂ ಮುಟ್ಟುವಂತಾದರೆ ಆ ಹೆಜ್ಜೆಗೆ ಬಲ ಬರುತ್ತದೆ.

ಶುಶ್ರೂಷೆ ಎಂಬ ಪದದ ಮೂಲಾರ್ಥ ಕೇಳಿಸಿಕೊಳ್ಳುವ ಇಚ್ಛೆ. ಆಸ್ಪತ್ರೆಗಳು ಅಷ್ಟು ಮಾಡಿದರೂ ಸಾಕು. ಬಿಲ್ ಕಟ್ಟುವ ಗಂಡಸನ್ನಲ್ಲ, ಮನೆಯಲ್ಲಿ ಮಾತ್ರೆ ಕೊಡುವ ಹೆಂಗಸನ್ನು ಕರೆದು ಕೂರಿಸಲಿ. ಹಳೆಯ ಮಾತ್ರೆಗಳ ಡಬ್ಬಿ ತರಿಸಿ, ಬೇಡವಾದದ್ದನ್ನು ಅವಳೆದುರೇ ಬೇರೆ ಇಡಲಿ. ಯಾವುದನ್ನು ಯಾವಾಗ ಕೊಡುತ್ತೀರಿ, ಏನಾದರೆ ಓಡಿ ಬರುತ್ತೀರಿ ಎಂದು ಅವಳ ಬಾಯಿಂದಲೇ, ಕನ್ನಡವೋ ಉರ್ದುವೋ ಬ್ಯಾರಿಯೋ ಅವಳ ಮಾತಿನಲ್ಲೇ, ಹೇಳಿಸಿ ಕೇಳಲಿ. ಅವಳು ಸರಿಯಾಗಿ ಹೇಳಿದ ಮೇಲೆ ಚೀಟಿಗೆ ಸಹಿ ಬೀಳಲಿ.